ಪೆಟ್ರೋಲ್ ಮುಚ್ಚಳದ ಕುಂಕುಮ

ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗಿಬರುವ ವ್ಯಾನಿನ ಡ್ರೈವರ್ ಚಿತ್ತಯ್ಯನಿಗೆ ದೇವರು ಎರಡನ್ನು ಮಾತ್ರ ಧಾರಾಳವಾಗಿ ಕೊಟ್ಟಿದ್ದ: ಭಕ್ತಿ ಮತ್ತು ಬಾಯಿ. ಆ ಕಾಲಕ್ಕೆ ಆ ದಾರಿಯ ಹಳ್ಳಿಗಳಿಗೆ ಪತ್ರಿಕೆ ಬರುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಚಿತ್ತಯ್ಯ ಬೆಳಿಗ್ಗೆಯೇ ಬರುತ್ತಿದ್ದ. ಯಾರ ಮದುವೆ ಮುರಿಯಿತು, ಯಾರ ಬಾವಿಗೆ ನೀರು ಬಿತ್ತು, ಯಾವ ಹಟ್ಟಿಯ ಕುರಿಗೆ ರೋಗ ತಗುಲಿತು ಎಲ್ಲವೂ ಅವನ ವ್ಯಾನಿನಲ್ಲೇ ಟಿಕೆಟ್ಟಿಲ್ಲದೆ ಊರೂರು ತಿರುಗುತ್ತಿದ್ದವು. ಗೊಲ್ಲರ ಹಟ್ಟಿಯಲ್ಲಿ ಕುರಿ ಹಿಂದೆ ಓಡಾಡಿಕೊಂಡು ಬೆಳೆದವನು ಸ್ಟೀರಿಂಗ್ ಹಿಡಿದದ್ದೇ ಒಂದು ದೊಡ್ಡಸ್ತಿಕೆ. ಅವನ ಮಾತನ್ನು ಜನ ನಂಬುತ್ತಿದ್ದರು. ತಪ್ಪು ಶುರುವಾದದ್ದು ಅಲ್ಲಿಂದಲೇ ಎನ್ನಬೇಕು.

ವ್ಯಾನಿಗೆ ವಯಸ್ಸಾಗಿತ್ತು. ಅದರ ಮೈಲಿ ಎಣಿಸುವ ಅಂಕಿಗಳು ಪೂರ್ತಿ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಯಿಂದ ಹೊರಟು, ಬೇಸತ್ತು ಎಲ್ಲೋ ಒಂದು ಕಡೆ ನಿಂತುಬಿಟ್ಟಿದ್ದವು. ಆದರೂ ಚಿತ್ತಯ್ಯ ಅದನ್ನು ಮನೆಯ ಹಸುವಿನಂತೆ ನೋಡಿಕೊಳ್ಳುತ್ತಿದ್ದ. ಎಪ್ಪತ್ತನಾಲ್ಕರ ಆಯುಧಪೂಜೆಗೆ ಅದರ ಹಣೆಗೆ, ಚಕ್ರಗಳಿಗೆ, ಸ್ಟೀರಿಂಗಿಗೆ ವಿಭೂತಿ ಬಳಿದು ಕುಂಕುಮವಿಟ್ಟ. ಪೆಟ್ರೋಲ್ ಹಾಕುವ ಜಾಗವೆಂದರೆ ಗಾಡಿ ಉಣ್ಣುವ ಬಾಯಿ, ಅದಕ್ಕೆ ಒಂದು ಕೈ ಹೆಚ್ಚೇ ಆಗಲಿ ಎಂದು, ಗಾಳಿಗೆ ಹಾರದಂತೆ ಹರಳೆಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಆ ಮುಚ್ಚಳದ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತಿ ಕೈಮುಗಿದ.

ದೀಪಾವಳಿಯ ಹೊತ್ತಿಗೆ ವ್ಯಾನು ದಾರಿಯ ನಡುವೆ ನಿಲ್ಲತೊಡಗಿತು. ಮೊದಲು ಕೆಮ್ಮುತ್ತಿತ್ತು, ಒಂದೆರಡು ಸಲ ಜಗ್ಗುತ್ತಿತ್ತು, ಆಮೇಲೆ ಆರಿಹೋಗುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಮೂತಿಗೆ ಸಿಕ್ಕಿಸಿ ಎಂಜಿನ್ ತಿರುಗಿಸುವ ಹ್ಯಾಂಡಲ್ ಹೊಡೆದರೆ ಏನೂ ನಡೆದೇ ಇಲ್ಲವೆಂಬಂತೆ ಹೊರಡುತ್ತಿತ್ತು. ಒಂದು ದಿನ ನಿಂತರೆ ಮೂರು ದಿನ ತಕರಾರಿಲ್ಲದೆ ಓಡುತ್ತಿತ್ತು. ಚಿತ್ರದುರ್ಗದಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಪಂಚಾಕ್ಷರಪ್ಪ ಮೇಸ್ತ್ರಿಯ ಹತ್ತಿರ ಒಯ್ದರೆ ಅಲ್ಲಿ ಬೇಕೆಂದೇ ನಿಲ್ಲುತ್ತಿರಲಿಲ್ಲ. ಮೇಸ್ತ್ರಿ ಕಾರ್ಬುರೇಟರ್ ಬಿಚ್ಚಿ ತೊಳೆದ, ಪಾಯಿಂಟ್ ಬದಲಿಸಿದ, ಪೆಟ್ರೋಲ್ ಪಂಪು ಬಿಚ್ಚಿ ನೋಡಿದ, ಪೈಪಿಗೆ ಬಾಯಿಟ್ಟು ಊದಿದ, ಕಾಯಿಲ್ ಕೂಡ ಹೊಸದು ಹಾಕಿದ. ಕೊನೆಗೆ ರೇಗಿಬಿಟ್ಟ.

"ರೋಗ ನಂಗೆ ಕಾಣ್ಬೇಕಲ್ಲಪ್ಪ ಚಿತ್ತಯ್ಯ? ನನ್ ಮುಂದೆ ಒಂದ್ಸಲ ನಿಲ್ಸಿ ತೋರ್ಸು, ಆಮೇಲೆ ಮಾತಾಡಾಣ."

ಮೇಸ್ತ್ರಿಗೆ ಕಾಣದ ರೋಗವೆಂದರೆ ಅದು ಗಾಳಿಯೋ ದೃಷ್ಟಿಯೋ ಇರಬೇಕು. ಚಿತ್ತಯ್ಯ ವಾರವಾರ ಪೂಜೆ ಹೆಚ್ಚಿಸಿದ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಮುಚ್ಚಳ ತಿರುಗಿಸಿದ ಕೂಡಲೇ ಅದರ ಮೇಲೊಂದು ಹೊಸ ಬೊಟ್ಟು ಬೀಳುತ್ತಿತ್ತು.

ಆ ದಾರಿಯ ಹಟ್ಟಿಗಳಿಗೆಲ್ಲ ಒಬ್ಬಳೇ ಸೂಲಗಿತ್ತಿ ಕೆಂಚಕ್ಕ. ತಲೆ ನರೆತಿತ್ತು, ಕೈ ಮಾತ್ರ ಹೂವಿನಂಥದು ಎಂದು ಬಾಣಂತಿಯರು ಹೇಳುತ್ತಿದ್ದರು. ಚಿತ್ತಯ್ಯನ ಇಬ್ಬರು ಹೆಣ್ಣುಮಕ್ಕಳೂ ಮೊದಲು ಬಿದ್ದದ್ದು ಅವಳ ಅಂಗೈಗೇ. ಹಟ್ಟಿಯಲ್ಲಿ ಹೆರಿಗೆಯಾದವಳನ್ನು ಊರಾಚೆಯ ಗುಡಿಸಲಲ್ಲಿ ಇಡುವುದು ವಾಡಿಕೆ. ಸೂತಕ ಕಳೆಯುವವರೆಗೆ ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ, ಕೆಂಚಕ್ಕನೊಬ್ಬಳನ್ನು ಬಿಟ್ಟು.

ಒಂದು ಸಂತೆಯ ದಿನ ಹಿರಿಯೂರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು, ಬೊಟ್ಟಿಟ್ಟು, ಜನರನ್ನು ತುಂಬಿಕೊಂಡು ಹೊರಟ. ಹಟ್ಟಿಯ ಕ್ರಾಸಿನಲ್ಲಿ ಕೆಂಚಕ್ಕ ಗಂಟು ಹಿಡಿದು ಹತ್ತಿದಳು. ಮಾರಿಕಣಿವೆಯ ಕಡೆಗೆ ಬರುತ್ತಿದ್ದಂತೆ ವ್ಯಾನು ಕೆಮ್ಮಿ, ಜಗ್ಗಿ, ನಿಂತಿತು. ಹ್ಯಾಂಡಲ್ ಹೊಡೆದು ಹೊಡೆದು ಚಿತ್ತಯ್ಯನ ರಟ್ಟೆ ಸೋತಿತು.

"ಹೋದ್ ಸಂತೇಲೂ ಇಲ್ಲೇ ನಿಂತಿತ್ತಲ್ಲೋ," ಎಂದ ಹಟ್ಟಿಯ ಹಿರಿಯ ಜುಂಜಣ್ಣ.

ಚಿತ್ತಯ್ಯ ತಿರುಗಿ ನೋಡಿದ. ಹೋದ ಸಂತೆಗೂ ಕೆಂಚಕ್ಕ ಅದೇ ಸೀಟಿನಲ್ಲಿದ್ದಳು. ಅವಳಿಲ್ಲದ ದಿನಗಳಲ್ಲೂ ಗಾಡಿ ನಿಂತದ್ದು ಉಂಟು. ಆ ಗಳಿಗೆಗೆ ಅದೊಂದೂ ನೆನಪಾಗಲಿಲ್ಲ.

"ಅಕ್ಕ, ಬಾಣಂತಿ ಗುಡ್ಲಿಂದ ಬಂದಿಯಾ?"

"ಹೂಂ ಕಣಪ್ಪ. ಹೆಣ್ಣು ಕೂಸು. ಯಾಕೆ?"

"ಸೂತಕದ ಮೈಯಾಗೆ ಗಾಡಿ ಹತ್ತಿದ್ರೆ ಇನ್ನೇನಾಗ್ತತೆ? ಇಳಿಯಕ್ಕ ಸ್ವಲ್ಪ."

"ಮೈ ತೊಳ್ಕಂಡೇ ಬಂದಿದೀನಲ್ಲೋ," ಎಂದಳು. ಆದರೂ ಎಲ್ಲರ ಮುಖ ನೋಡಿ, ಗಂಟು ಎತ್ತಿಕೊಂಡು ಇಳಿದಳು. ಈ ಮಾತುಕತೆಯಲ್ಲಿ ಒಂದಷ್ಟು ಹೊತ್ತು ಕಳೆದಿತ್ತು. ಚಿತ್ತಯ್ಯ ಹ್ಯಾಂಡಲ್ ಹೊಡೆದ. ಒಂದೇ ಏಟಿಗೆ ಎಂಜಿನ್ ಗುರುಗುಟ್ಟಿತು.

ವ್ಯಾನಿನ ತುಂಬ ಗುಲ್ಲೋ ಗುಲ್ಲು. ಮತ್ತೆ ಹತ್ತಲು ಕೆಂಚಕ್ಕ ಬಾಗಿಲಿಗೆ ಕೈ ಇಟ್ಟಿದ್ದಳು. ಒಳಗಿನಿಂದ ಯಾರೋ "ಬ್ಯಾಡ, ಬ್ಯಾಡ, ಹೋಗಾಣ ನಡಿಯಪ್ಪ" ಎಂದರು. ಚಿತ್ತಯ್ಯ ಗೇರ್ ಹಾಕಿದ. ಕನ್ನಡಿಯಲ್ಲಿ ಅವಳು ಬಿಸಿಲಿನಲ್ಲಿ ನಿಂತದ್ದು ಕಂಡಿತು, ಕೈ ಇನ್ನೂ ಅರ್ಧ ಮೇಲಿತ್ತು. ನಿಲ್ಲಿಸಬೇಕೆನಿಸಿತು. ನಿಲ್ಲಿಸಿದರೆ ಮತ್ತೆ ಹೊರಡುತ್ತದೋ ಇಲ್ಲವೋ ಎಂದುಕೊಂಡ. ಅಷ್ಟರಲ್ಲಿ ತಿರುವು ಬಂತು, ಅವಳು ಕಾಣದಾದಳು.

ಇಷ್ಟಕ್ಕೇ ಸುಮ್ಮನಿದ್ದರೆ ಪಾಪ ಒಂದು ದಿನದ್ದಾಗುತ್ತಿತ್ತು. ಚಿತ್ತಯ್ಯನ ಬಾಯಿ ಸುಮ್ಮನಿರಬೇಕಲ್ಲ? ನಿಂತ ನಿಂತ ಕಡೆಯಲ್ಲೆಲ್ಲ ಹೇಳಿದ, ಹೇಳಿದಷ್ಟೂ ಕತೆ ಕೊಬ್ಬಿತು. ಪಂಚಾಕ್ಷರಪ್ಪನಿಗೂ ಸಿಗದ ರೋಗವನ್ನು ತಾನು ಹಿಡಿದೆನೆಂಬ ಹೆಮ್ಮೆ ಬೇರೆ. ಸಂಕ್ರಾಂತಿಯ ಹೊತ್ತಿಗೆ ಅವಳ ಹೆಸರೇ ಬದಲಾಗಿ 'ಗಾಡಿ ನಿಲ್ಸೋ ಕೆಂಚಕ್ಕ' ಎಂದಾಗಿತ್ತು. ಓಡುವ ಗಾಡಿಯನ್ನೇ ನಿಲ್ಲಿಸುವವಳು ಹೊಟ್ಟೆಯಲ್ಲಿರುವ ಕೂಸನ್ನು ಬಿಟ್ಟಾಳೆಯೇ ಎಂದು ಬಸುರಿಯರ ಅತ್ತೆಯಂದಿರು ಬೇರೆ ಊರಿನಿಂದ ಸೂಲಗಿತ್ತಿಯನ್ನು ಕರೆಸತೊಡಗಿದರು. ಅವಳನ್ನು ಹತ್ತಿಸದಿದ್ದರೂ ವ್ಯಾನು ಆಗಾಗ ನಿಲ್ಲುತ್ತಲೇ ಇತ್ತು. "ಅವಳ ಸೂತಕ ಇನ್ನೂ ಒಳಗೇ ಐತೆ" ಎಂದು ಚಿತ್ತಯ್ಯ ಇನ್ನಷ್ಟು ಕುಂಕುಮ ಮೆತ್ತಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಹಾಗೆ.

ಶಿವರಾತ್ರಿಗೆ ಮುಂಚೆ ಒಂದು ಮಧ್ಯಾಹ್ನ ಖಾಲಿ ವ್ಯಾನು ಓಡಿಸಿಕೊಂಡು ಒಬ್ಬನೇ ಬರುತ್ತಿದ್ದಾಗ ಅದು ಮತ್ತೆ ನಿಂತಿತು. ಯಾರೋ ಪೆಟ್ರೋಲ್ ಕದ್ದಿರಬೇಕೆಂಬ ಅನುಮಾನ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ. ಮುಚ್ಚಳ ಸಡಿಲವಾದದ್ದೇ ತಡ, ಒಳಗೆ 'ಸುಂಯ್' ಎಂದು ಗಾಳಿ ನುಗ್ಗಿತು. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಹ್ಯಾಂಡಲ್ ಹೊಡೆದರೆ ಗಾಡಿ ಒಂದೇ ಏಟಿಗೆ ಹೊರಟಿತು.

ಚಿತ್ತಯ್ಯ ಬಾಯಿಬಡುಕನೇ ಹೊರತು ದಡ್ಡನಲ್ಲ. ಕೆಲವು ಮೈಲಿ ಓಡಿಸಿದ. ಮತ್ತೆ ಕೆಮ್ಮಿ ನಿಂತಿತು. ಮುಚ್ಚಳ ತಿರುಗಿಸಿದ, ಮತ್ತೆ ಅದೇ ಸದ್ದು. ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದ. ಅದರ ನಡುವೆ ಹಿಂದೆ ಒಂದು ಸಣ್ಣ ತೂತಿತ್ತು. ಈಗ ಆ ಜಾಗದಲ್ಲಿ ಎಣ್ಣೆ, ಧೂಳು, ಕುಂಕುಮ ಸೇರಿ ಹುಣಸೆಬೀಜದಷ್ಟು ದಪ್ಪ ಗಟ್ಟಿಯಾಗಿ ಕೂತಿತ್ತು. ರಸ್ತೆ ಬದಿಯ ಜಾಲಿಯ ಮುಳ್ಳು ಮುರಿದು ಅದನ್ನು ಕೆದಕಿದ. ಕೆಂಪು ಹಕ್ಕಳೆ ಎದ್ದು ಬಂತು. ತೂತಿನಲ್ಲಿ ಬೆಳಕು ಕಂಡಾಗ ಅಲ್ಲೇ ಚಕ್ರಕ್ಕೆ ಒರಗಿ ಕುಳಿತುಬಿಟ್ಟ.

"ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರೀತತಾ? ಗಾಳಿಗೆ ಇನ್ನೊಂದು ತೂತು ಬೇಕಲ್ಲ. ಟ್ಯಾಂಕಿಗೂ ಅಷ್ಟೇ," ಎಂದು ವರ್ಕ್‌ಶಾಪಿನಲ್ಲಿ ಮುಚ್ಚಳವನ್ನೂ ಕೆದಕಿ ತೆಗೆದ ಹಕ್ಕಳೆಯನ್ನೂ ನೋಡಿದ ಪಂಚಾಕ್ಷರಪ್ಪ ಹಣೆ ಚಚ್ಚಿಕೊಂಡ. "ಟ್ಯಾಂಕ್ ತುಂಬಿದ್ದಾಗ ಇನ್ನೂ ಬೇಗ ನಿಲ್ತತೆ. ಸ್ವಲ್ಪ ಹೊತ್ತು ಬಿಟ್ರೆ ಎಲ್ಲಿಂದ್ಲೋ ಗಾಳಿ ಜಿನುಗಿ ಮತ್ತೆ ಹೊಲ್ಡ್ತತೆ. ಇಷ್ಟೊಂದು ಮೆತ್ತಿದ್ದು ಯಾರಪ್ಪ?"

"ಗೊತ್ತಿಲ್ಲ," ಎಂದ ಚಿತ್ತಯ್ಯ. ಹಾಗೆಂದದ್ದಕ್ಕೆ ಹಿರಿಯೂರಿನವರೆಗೂ ತನ್ನನ್ನು ತಾನೇ ಬೈದುಕೊಂಡ.

ಮರುದಿನದಿಂದ ಅದೇ ಬಾಯಲ್ಲಿ ನಿಜ ಹೇಳಲು ಶುರುಮಾಡಿದ. ತಪ್ಪು ನಂದು, ಕೆಂಚಕ್ಕಂದಲ್ಲ. ನಿಂತದ್ದು ಸೂತಕಕ್ಕಲ್ಲ, ನಾನಿಟ್ಟ ಕುಂಕುಮಕ್ಕೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಳ್ಳನ್ನು ಸೀಟು ಬಿಟ್ಟುಕೊಟ್ಟು ಕೂರಿಸಿಕೊಂಡಿದ್ದ ಜನ ನಿಜಕ್ಕೆ ನಿಲ್ಲಲೂ ಜಾಗ ಕೊಡಲಿಲ್ಲ.

"ಕುಂಕುಮಕ್ಕೆ ಎಲ್ಲಾದ್ರೂ ಗಾಡಿ ನಿಲ್ತತೇನೋ?" ಎಂದು ಜುಂಜಣ್ಣ ನಕ್ಕ. "ಆಯಮ್ಮ ನಿನ್ ಮಕ್ಕಳನ್ನ ಎತ್ತಿದಾಳೆ ಅಂತ ಅವಳ ತಪ್ಪು ನಿನ್ ಮೇಲೆ ಹಾಕ್ಕಂತೀಯ. ಒಳ್ಳೆ ಮನ್ಸ ಕಣೋ ನೀನು."

ಬೈದಿದ್ದರೆ ಚಿತ್ತಯ್ಯ ತಡೆದುಕೊಳ್ಳುತ್ತಿದ್ದ. ಒಳ್ಳೆಯವನು ಎನ್ನಿಸಿಕೊಂಡದ್ದು ಎದೆಗೆ ಬೆಂಕಿ ಇಟ್ಟಂತಾಯಿತು. ಊಟ ಸೇರಲಿಲ್ಲ. ಮಕ್ಕಳ ಮುಖ ನೋಡಿದರೆ ಆ ಅರ್ಧ ಎತ್ತಿದ ಕೈಯೇ ಕಾಣುತ್ತಿತ್ತು. ಕೊನೆಗೆ ಕೆಂಚಕ್ಕನ ಮನೆಗೆ ಹೋಗಿ, ಜಗಲಿಯ ಮೇಲೆ ರಾಗಿ ಕೇರುತ್ತಿದ್ದವಳ ಮುಂದೆ ಎಲ್ಲವನ್ನೂ ಹೇಳಿ, ಕಾಲಿಗೆ ಬಿದ್ದ.

ಕೆಂಚಕ್ಕ ಮೊರ ಕೆಳಗಿಟ್ಟಳು.

"ನಾನೂ ನಂಬಿಬಿಟ್ಟಿದ್ದೆ ಕಣೋ," ಎಂದಳು. "ನಾಕು ಜನ ಕರೆಯೋಕೆ ಬಂದಿದ್ರು. ನಾನೇ ಒಲ್ಲೆ ಅಂದೆ. ನನ್ ಕೈಯಾಗೇ ಏನೋ ಕೆಟ್ಟದ್ದು ಐತೆ ಅಂದ್ಕಂಡು, ಅವತ್ತಿಂದ ಒಂದು ಹಸುಗೂಸನ್ನೂ ಮುಟ್ಟಿಲ್ಲ."

ಇದು ಚಿತ್ತಯ್ಯನಿಗೆ ಗೊತ್ತಿರಲಿಲ್ಲ. ಊರು ಅವಳನ್ನು ಬಿಟ್ಟದ್ದು ಗೊತ್ತಿತ್ತು, ಅವಳು ತನ್ನ ಕೈಯನ್ನೇ ಬಿಟ್ಟದ್ದು ಗೊತ್ತಿರಲಿಲ್ಲ. ಮುಂದಿನ ಸಂತೆಗೆ ವ್ಯಾನಿನಲ್ಲಿ ತನ್ನ ಪಕ್ಕದ ಸೀಟಿನಲ್ಲೇ ಕೂತು ಬಾ ಎಂದು ಅಂಗಲಾಚಿದ. ಗಾಡಿ ನಿಲ್ಲದೆ ಹೋಗುವುದನ್ನು ಎಲ್ಲರೂ ಕಣ್ಣಾರೆ ನೋಡಲಿ, ಆಮೇಲೆ ಯಾರಿಗೂ ಮಾತಿರುವುದಿಲ್ಲ ಎಂದ. ಅವಳಿಗೆ ಮನಸ್ಸಿರಲಿಲ್ಲ, ಅವನ ಮುಖ ನೋಡಿ ಒಪ್ಪಿದಳು.

ಸಂತೆಯ ದಿನ ಕ್ರಾಸಿನಲ್ಲಿ ಇಳಿದು ಹೋಗಿ ಅವಳ ಗಂಟು ತೆಗೆದುಕೊಂಡು, "ಬಾರಕ್ಕ, ಮುಂದೆ ಕುಂತ್ಕ," ಎಂದ. ಅವಳು ಕೂತಳು. ಹಿಂದೆ ಗುಸುಗುಸು ಎದ್ದಿತು. ಮೊದಲು ಜುಂಜಣ್ಣ ಇಳಿದ. "ನಂಗೆ ಇಲ್ಲೇ ಸ್ವಲ್ಪ ಕೆಲ್ಸ ಐತೆ," ಎಂದ. ಅವನ ಹಿಂದೆ ಒಬ್ಬೊಬ್ಬರಿಗೂ ಅಲ್ಲೇ ಕೆಲಸವಿತ್ತು. "ಕುಂತ್ಕಳ್ರಿ, ನೋಡ್ರಿ, ನಿಲ್ಲಾದಿಲ್ಲ!" ಎಂದು ಚಿತ್ತಯ್ಯ ಗಂಟಲು ಹರಿಯುವಂತೆ ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ. ಮುಂದಿನ ಊರುಗಳಲ್ಲಿ ಕಾಯುತ್ತಿದ್ದವರು ಮುಂದಿನ ಸೀಟಿನಲ್ಲಿರುವವಳನ್ನು ನೋಡಿ ಹಿಂದಕ್ಕೆ ಸರಿದರು.

ವ್ಯಾನು ಹೊಸದುರ್ಗದವರೆಗೆ ಒಂದು ಸಲವೂ ಕೆಮ್ಮದೆ ಓಡಿತು. ಅದನ್ನು ನೋಡಲು ಒಳಗೆ ಯಾರೂ ಇರಲಿಲ್ಲ.

ಕೆಂಚಕ್ಕ ಇಳಿದು ಗಂಟು ತೆಗೆದುಕೊಂಡಳು. "ನೀನು ಹೇಳಿದ್ದು ನಿಜ ಕಣಪ್ಪ, ನಿಲ್ಲಲಿಲ್ಲ," ಎಂದಳು. ಸೀಟುಗಳ ಕಡೆ ಒಮ್ಮೆ ನೋಡಿದಳು. "ಇನ್ನು ಕರೀಬ್ಯಾಡ. ನನ್ನಿಂದ ನಿನ್ ಗಾಡಿ ಖಾಲಿ ಹೋಗ್ತತೆ. ನಿಂಗೂ ಹೆಣ್ಮಕ್ಕಳು ಅದಾರೆ."

ಇಲ್ಲಕ್ಕ, ಖಾಲಿ ಹೋದರೂ ಸರಿ, ದಿನಾ ಬಾ ಎನ್ನಬೇಕೆಂದು ಚಿತ್ತಯ್ಯ ಬಾಯಿ ತೆರೆದ. ಊರೂರಿಗೆ ಸುದ್ದಿ ಹಂಚಿದ ಬಾಯಿ. ಅದರಿಂದ ಹೊರಬಿದ್ದದ್ದು, "ಆಯ್ತಕ್ಕ."

ಹಾಗೆಂದ ಗಳಿಗೆಯಲ್ಲಿ ಅವನ ಎದೆ ಒಂದಿಷ್ಟು ಹಗುರವಾಯಿತು. ಅವಳು ಬೀದಿಯಲ್ಲಿ ನಡೆದುಹೋಗುವುದನ್ನು ನೋಡುತ್ತ ನಿಂತಾಗ, ಬಿಸಿಲಿನಲ್ಲಿ ಅವಳನ್ನು ಇಳಿಸಿಹೋದದ್ದಕ್ಕಿಂತ ದೊಡ್ಡ ತಪ್ಪು ಈ ಹಗುರವೇ ಎಂದು ಅವನಿಗೆ ಗೊತ್ತಾಯಿತು.