ಅಕ್ರೋಟದ ನೆರಳಿನ ಬದನೆ

ಬದನೆ ಗಿಡಗಳಿಗೆ ವಿಷ ಉಣಿಸಿದವನು ನಾನು, ಆರೋಪ ಹೊರಿಸಿದ್ದು ಹೆಂಡತಿಯ ಮೇಲೆ. ಉಣಿಸಿದ್ದು ಅಕ್ಕರೆಯಿಂದಲೇ. ಅದರಿಂದ ಗಿಡಗಳಿಗೇನೂ ಉಪಯೋಗವಾಗಲಿಲ್ಲ ಅನ್ನಿ.

ಪರದೇಶದ ಈ ಮೆಕಿನ್ನಿ ಊರಿನಲ್ಲಿ ನಮ್ಮ ಹಿತ್ತಲಿನ ಮಣ್ಣು ಧಾರವಾಡದ ಎರೆಮಣ್ಣಿನ ಹಾಗೆಯೇ ಕಪ್ಪು. ಅದೇ ನನ್ನ ತಲೆ ತಿರುಗಿಸಿತು. ಬೇಲಿಯ ಹತ್ತಿರ ಒಂದು ದೊಡ್ಡ ಮರವಿದೆ. ಅದರ ನೆರಳಿಗೆ ಕುರ್ಚಿ ಹಾಕಿಕೊಂಡೆನೇ ಹೊರತು ಹೆಸರು ಕೇಳಲಿಲ್ಲ. ಉದುರಿದ ಎಲೆಯನ್ನು ಇಲ್ಲಿಯವರು ಚೀಲ ತುಂಬಿ ಎಸೆಯುತ್ತಾರೆ. ತಿಪ್ಪೆಯ ಬೆಲೆ ಬಲ್ಲ ನಾನು ಎಸೆಯುವೆನೇ? ಎಲ್ಲವನ್ನೂ ಬಳಿದು ಬದನೆಯ ಬುಡಕ್ಕೆ ದಪ್ಪಗೆ ಹೊದಿಸಿದೆ. ರೊಟ್ಟಿ, ಎಣ್ಣೆಗಾಯಿ ಕಣ್ಣೆದುರು ಬಂದವು. ಗಿಡಗಳು ಹೂ ಬಿಡುವ ಹೊತ್ತಿಗೆ ಬಾಡಿ ನಿಂತವು.

ಮೆಟ್ರಿಕ್ ಓದಿದ ತಲೆ ತನಿಖೆಗಿಳಿಯಿತು. ನನ್ನ ಹೆಂಡತಿ ಗಿರಿಜಾ ದಿನಾ ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಗಿಡಗಳಿಗೆ ಹಾಕಿ, ಅವುಗಳ ಜೊತೆ ನಾಲ್ಕು ಮಾತಾಡಿ ಬರುವಾಕೆ. ಊಟಕ್ಕೆ ಬಂದ ಮಂದಿಯ ಎದುರಿಗೇ ಹೇಳಿಬಿಟ್ಟೆ, "ಇಕಿ ನೀರ ಹಾಕಿ ಹಾಕಿ ಬದನಿ ಕೊಂದಾಳ ನೋಡ್ರಿ." ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರುದಿನದಿಂದ ಆ ನೀರು ಸಿಂಕಿಗೆ ಹೋಯಿತು. ಹಿತ್ತಲಿಗೆ ಕರೆದರೆ, "ನಾ ಬಂದ್ರ ಗಿಡ ಸಾಯ್ತಾವಲ್ರೀ" ಅನ್ನುವಳು. ಮತ್ತೆ ಬದನೆ ನೆಟ್ಟೆ. ಅವಳ ನೀರಿಲ್ಲದೆಯೂ ಸತ್ತವು. ನಾನು ಬಾಯಿ ಬಿಡಲಿಲ್ಲ. ಹಿತ್ತಲು ಪೂರ್ತಿ ನನ್ನದಾಗಿತ್ತು. ಕೂತರೆ ಹೊತ್ತು ಹೋಗುತ್ತಿರಲಿಲ್ಲ.

ಬೇಸಿಗೆ ಮುಗಿಯುವಾಗ ಗೆಳೆಯ ಬಸಣ್ಣ ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದ. ಮರದ ಕೆಳಗೆ ಬಿದ್ದಿದ್ದ ಹಸಿರು ಕಾಯಿಯ ಸಿಪ್ಪೆ ಕೆತ್ತಿ, ಕಪ್ಪಾದ ಬೆರಳು ತೋರಿಸಿದ.

"ಇದು ಕರಿ ಅಕ್ರೋಟ. ಇದರ ಹಂತ್ಯಾಕ ಬದನಿ, ಟೊಮ್ಯಾಟೊ, ಮೆಣಸಿನಕಾಯಿ ಬದುಕಂಗಿಲ್ಲ. ಬೇರಿನ್ಯಾಗೂ ವಿಷ, ಎಲಿಯಾಗೂ ವಿಷ. ನನ್ನವೂ ಹಿಂಗ ಹೋಗ್ಯಾವು." ಆಮೇಲೆ ನನ್ನ ಎಲೆಯ ಹೊದಿಕೆ ನೋಡಿದ. "ಅಲ್ಲೋ ದೋಸ್ತ, ತುತ್ತು ಮಾಡಿ ಉಣಿಸೀಯಲ್ಲೋ."

ಮರದ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಊರಿನವನು ನಾನು. ಮರವೂ ತನ್ನ ಸುತ್ತಲ ಜಾಗಕ್ಕೆ ಟವೆಲ್ ಹಾಸಿತ್ತು, ಅಷ್ಟೆ. ಆದರೂ ಎಲ್ಲರನ್ನೂ ಅದು ಎಬ್ಬಿಸುವುದಿಲ್ಲವಂತೆ. ಬೀನ್ಸ್, ಗಜ್ಜರಿ, ಉಳ್ಳಾಗಡ್ಡಿ ಅದರ ಪಕ್ಕದಲ್ಲೂ ಆರಾಮಾಗಿ ಕೂರುತ್ತವಂತೆ.

ಮಂದಿಯ ಎದುರು ಹೊರಿಸಿದ್ದನ್ನು ಮಂದಿಯ ಎದುರೇ ಇಳಿಸಬೇಕಲ್ಲ. ಬಸಣ್ಣನನ್ನು ಕರೆದುಕೊಂಡೇ ಅಡುಗೆಮನೆಗೆ ಹೋದೆ. ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು.

"ತಪ್ಪು ನಂದು, ಗಿರಿಜಾ. ನಿನ್ನ ನೀರಲ್ಲ, ನನ್ನ ಎಲಿ."

ಅವಳು ರೊಟ್ಟಿ ಮಗುಚಿದಳು. "ಹೌದ?"

"ಹೌದು. ಈಗ ಆ ಮರದ ಬಾಜೂಕ ಯಾವುದು ಬದುಕತೈತಿ ನೋಡಿ ಹಚ್ಚಬೇಕು."

"ಅದನ್ನ ನನ್ನ ಕೇಳ್ರಿ," ಅಂದಳು. "ಮದಿವಿ ಆದಾಗಿಂದ ಅದ ಅನುಭವ ನನಗ."

ಬಸಣ್ಣ ಬಾಗಿಲು ಹಿಡಿದುಕೊಂಡು ನಕ್ಕ. ಅವಳು ಒಲೆ ಆರಿಸಿ, ಚಪ್ಪಲಿ ಮೆಟ್ಟಿ, ನಮಗಿಂತ ಮುಂಚೆ ಹಿತ್ತಲಿಗಿಳಿದಳು. ಬೇಲಿಗೆ ಬೀನ್ಸ್, ಈಚೆಗೆ ಗಜ್ಜರಿ, ಚಳಿಗೆ ಉಳ್ಳಾಗಡ್ಡಿ. ಬದನೆಗೆ ಮುಂದಿನ ಬಾಗಿಲಲ್ಲಿ ಕುಂಡ, ಅದರ ಹತ್ತಿರ ನಾನು ಸುಳಿಯಬಾರದು. ಅವಳು ಬೆರಳು ಮಾಡಿದಲ್ಲೆಲ್ಲ ಅಗೆದೆ. ಒಂದು ಗುಣಿ ಅಂಕುಡೊಂಕಾಯಿತೆಂದು ಮುಚ್ಚಿಸಿ ಮತ್ತೆ ಅಗೆಸಿದಳು. ಬೈಸಿಕೊಳ್ಳುತ್ತ ಅಗೆದರೆ ಎರೆಮಣ್ಣೂ ಎಷ್ಟು ಹಗುರ!