ನೀರಿನ ಮೇಲೆ ಹೆಸರು ಕರೆಯುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಂಜನಗೂಡಿನ ಸ್ನಾನಘಟ್ಟದ ಕೆಳಗೆ ಕಪಿಲೆಯ ಮೇಲೆ ಮಂಜು ಕೂತಿದೆ. ಅದರೊಳಗೆ ಒಂದು ತೆಪ್ಪ ನಿಧಾನವಾಗಿ ಸುತ್ತುತ್ತಿದೆ. ಹುಟ್ಟು ಹಿಡಿದ ಗಂಡಸು ನೀರಿನತ್ತ ಬಾಗಿ, ಆಟ ಬಿಟ್ಟು ಬಾರದ ಮಗುವನ್ನು ಕರೆಯುವಂತೆ ರಾಗವಾಗಿ ಕೂಗುತ್ತಾರೆ:

"ಪುಟ್ಟಸ್ವಾಮೀ... ಬಾಪ್ಪಾ... ಮನೆಗೋಗಮಾ..."

ಪುಟ್ಟಸ್ವಾಮಿ ಮೊನ್ನೆ ಈಜಲು ಇಳಿದು ಮುಳುಗಿದವರು. ಅವರ ಅಣ್ಣ ಮೆಟ್ಟಿಲ ಮೇಲೆ ಟವೆಲ್ ಹಿಡಿದು ನಿಂತಿದ್ದಾರೆ, ತಮ್ಮ ಈಗ ಎದ್ದುಬಂದರೆ ಮೈ ಒರೆಸಿಕೊಳ್ಳಲಿ ಎಂಬಂತೆ. ಕೂಗಿ ಮುಗಿದ ಮೇಲೆ ತೆಪ್ಪದ ಗಂಡಸು ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿಯುತ್ತಾರೆ. ಹಗ್ಗದ ಇನ್ನೊಂದು ತುದಿ ತೆಪ್ಪದಲ್ಲೇ ಕೂತ ಅವರ ಹೆಂಡತಿಯ ಕೈಯಲ್ಲಿದೆ. ಬಿಸಿಲು ಏರುವ ಹೊತ್ತಿಗೆ ಪುಟ್ಟಸ್ವಾಮಿ ದಡದಲ್ಲಿದ್ದಾರೆ.

ಇವರು ಹೆಮ್ಮಿಗೆಯ ಚೆಲುವರಾಜು ಮತ್ತು ವನಜಾಕ್ಷಿ. ತಿರುಮಕೂಡಲಿನ ಸಂಗಮದಲ್ಲಾಗಲಿ, ಇಲ್ಲಿ ಕಪಿಲೆಯಲ್ಲಾಗಲಿ ಯಾರಾದರೂ ಮುಳುಗಿದರೆ ಪೊಲೀಸರು ಮೊದಲು ಫೋನ್ ಮಾಡುವುದು ಇವರಿಗೆ. ತೆಪ್ಪ ಲಗೇಜ್ ಆಟೋ ಏರುತ್ತದೆ. ಉಳಿದ ದಿನಗಳಲ್ಲಿ ಚೆಲುವರಾಜುಗೆ ಹೊಳೆಯಾಚೆ ಒಂದಿಷ್ಟು ಗದ್ದೆಯ ಕೆಲಸ. ಆ ಗದ್ದೆಗೆ ದಾಟಲೆಂದೇ ಅಪ್ಪ ತೆಪ್ಪ ನಡೆಸಲು ಕಲಿಸಿದ್ದು, ಹೆಸರು ಕೂಗುವುದನ್ನೂ ಅವರೇ ಕಲಿಸಿದ್ದು.

"ನೀರಲ್ಲಿ ಸತ್ತೋರ್ಗೆ ತಾವು ಓಗಿರೋದು ಗೊತ್ತಾಯ್ಕಿಲ್ಲ ಸಾ. ಎಸರಿಡಿದು ಕರುದ್ರೆ ಬತ್ತಾರೆ ಅಂತಿದ್ದ ನಮ್ಮಪ್ಪ. ಆದ್ರೆ ಬದುಕಿರೋರ್ನ ಯಾವತ್ತೂ ಆ ರಾಗ್ದಲ್ಲಿ ಕರೀಬ್ಯಾಡ ಅಂದಿದ್ದ."

ಎಷ್ಟು ಜನರನ್ನು ಮೇಲೆ ತಂದಿದ್ದಾರೋ, ಲೆಕ್ಕ ಇಟ್ಟಿಲ್ಲ. ಆಳಕ್ಕೆ ಮುಳುಗಿ ಮುಳುಗಿ ಎಡಗಿವಿ ಪೂರ್ತಿ ಹೋಗಿದೆ. ಮದುವೆಮನೆಗಳಲ್ಲಿ ಇವರನ್ನು ಕಂಡರೆ ಜನ ಸ್ವಲ್ಪ ಸರಿದು ಕೂರುತ್ತಾರೆ. "ಬೈಯಕ್ಕಿಲ್ಲ, ಏನಿಲ್ಲ. ಸುಮ್ಕೆ ಜಾಗ ಬುಡ್ತಾರೆ," ಎಂದು ಅವರೇ ನಗುತ್ತಾರೆ.

ಇವರ ಬಗ್ಗೆ ಬರೆಯಲೆಂದು ಬಂದ ನಾನು ಘಟ್ಟದ ಮೇಲಿನ ಟೀ ಅಂಗಡಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ವನಜಾಕ್ಷಿಯವರು ತೆಪ್ಪ ಹತ್ತಿದ್ದು ಯಾವಾಗ? ಉತ್ತರ ಕೊಚ್ಚಿಯಿಂದ ಶುರುವಾಗುತ್ತದೆ.

ಹೋದ ವರ್ಷ ಮದುವೆಯ ಬೆಳ್ಳಿಹಬ್ಬಕ್ಕೆಂದು ಮಗಳು ಪಲ್ಲವಿ ಅಪ್ಪ ಅವ್ವನಿಗೆ ರೈಲಿನ ಟಿಕೆಟ್, ಲಾಡ್ಜಿನ ರೂಮು ಎರಡನ್ನೂ ಬುಕ್ ಮಾಡಿ ಕಳಿಸುತ್ತಾಳೆ. ಅದುವರೆಗೆ ಇಬ್ಬರೂ ಸಮುದ್ರ ಕಂಡವರಲ್ಲ. ಕೊಚ್ಚಿಯಲ್ಲಿ ಅವರಿಗೆ ಯಾವ ಅವಸರವೂ ಇಲ್ಲ. ತಡವಾಗಿ ಏಳುತ್ತಾರೆ, ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಸಾರು ತಿನ್ನುತ್ತಾರೆ, ದಡದಲ್ಲಿ ಕಂಬಕ್ಕೆ ಕಟ್ಟಿದ ಚೀನಾ ಮೀನುಬಲೆ ಏಳುವುದನ್ನೂ ಇಳಿಯುವುದನ್ನೂ ನೋಡುತ್ತಾ ಮಧ್ಯಾಹ್ನ ಕಳೆಯುತ್ತಾರೆ. ಮಟ್ಟಂಚೇರಿಯ ಶುಂಠಿ ಗೋದಾಮುಗಳ ಮುಂದೆ ನಿಂತು ವನಜಾಕ್ಷಿ ಹತ್ತಾರು ಸಲ ಸೀನುತ್ತಾರೆ. ಹಡಗು ಕಂಡರೆ ಅವರಿಗೆ ಎಲ್ಲಿಲ್ಲದ ಬೆರಗು. "ನಾಕಂತಸ್ತಿನ ಬಿಲ್ಡಿಂಗು ಸಾ, ಅಂಗೇ ನಡ್ಕೊಂಡು ಓಯ್ತದೆ. ನಾನು ಬಾಯಿ ಬುಟ್ಕೊಂಡು ನೋಡ್ತಿದ್ದೆ. ಇವರು ನೀರು ನೋಡ್ತಿದ್ರು. ರಜದಲ್ಲೂ ನೀರೇ."

ಒಂದು ದಿನ ವೈಪೀನ್ ದ್ವೀಪಕ್ಕೆ ಹೋಗಿ, ಚೆರಾಯಿ ಕಡಲತೀರ ನೋಡಿಕೊಂಡು ಮಧ್ಯಾಹ್ನದ ಫೆರಿಯಲ್ಲಿ ವಾಪಸು ಹೊರಡುತ್ತಾರೆ. ಸುಡು ಬಿಸಿಲು. ಬಂದರಿನ ನಡುವೆ ದೊಡ್ಡ ಹಡಗೊಂದಕ್ಕೆ ದಾರಿ ಬಿಡಲು ಫೆರಿ ಎಂಜಿನ್ ಬಂದ್ ಮಾಡುತ್ತದೆ. ಸದ್ದು ನಿಲ್ಲುತ್ತದೆ. ಆಗ ನೀರಿನ ಕಡೆಯಿಂದ, ಕನ್ನಡದಲ್ಲಿ, ಆ ರಾಗದಲ್ಲಿ:

"ಚೆಲುವರಾಜಾ... ಬಾಪ್ಪಾ... ಮನೆಗೋಗಮಾ..."

"ಕೇಳ್ಸಿದ್ದು ಈ ಕಿವೀಲಿ," ಎಂದು ಚೆಲುವರಾಜು ತಮ್ಮ ಎಡಗಿವಿ ಮುಟ್ಟಿ ತೋರಿಸುತ್ತಾರೆ.

ಭ್ರಮೆ ಎನ್ನಬಹುದಿತ್ತು. ಆದರೆ ವನಜಾಕ್ಷಿಗೂ ಕೇಳಿಸಿದೆ. "ಇವ್ರ ಗಂಟ್ಲೇ ಸಾ. ಯಾಕಪ್ಪಾ ತಮ್ಮೆಸರು ತಾವೇ ಕೂಗ್ತಾವ್ರೆ ಅಂತ ತಿರುಗಿ ನೋಡಿದ್ರೆ, ಇವರು ಬಾಯಿ ಮುಚ್ಕೊಂಡು ಕುಂತವ್ರೆ. ಕೂಗು ಮಾತ್ರ ಆ ಕಡೆಯಿಂದ ಬತ್ತಾನೇ ಅದೆ."

ಎದ್ದದ್ದು ಚೆಲುವರಾಜುಗೆ ನೆನಪಿಲ್ಲ. ಒಂದು ಕಾಲು ಕಂಬಿಯ ಆಚೆಗೆ ಹೋಗಿದ್ದಾಗ ವನಜಾಕ್ಷಿ ಅಂಗಿ ಹಿಡಿದು ಎಳೆಯುತ್ತಾರೆ. ಗುಂಡಿಗಳು ಕಿತ್ತುಬರುತ್ತವೆ. ಪಕ್ಕದವರೂ ಕೈಹಾಕಿ ಕೂರಿಸುತ್ತಾರೆ. ಹಡಗು ದಾಟುತ್ತದೆ, ಎಂಜಿನ್ ಗುಡುಗುತ್ತದೆ, ಕೂಗು ನಿಲ್ಲುತ್ತದೆ.

ಉಳಿದ ರಜೆಯನ್ನು ಅವರು ಲಾಡ್ಜಿನ ರೂಮಿನಲ್ಲಿ, ಕಿಟಕಿ ಹಾಕಿಕೊಂಡು ಕಳೆಯುತ್ತಾರೆ. ಹೆಮ್ಮಿಗೆಗೆ ಬಂದವರೇ ಚೆಲುವರಾಜು ತೆಪ್ಪವನ್ನು ಬೋರಲು ಹಾಕುತ್ತಾರೆ. ಗದ್ದೆಗೆ ಸೇತುವೆ ಸುತ್ತಿ ಹೋಗುತ್ತಾರೆ. ಸ್ನಾನಕ್ಕೆ ಕೂತರೂ ಬಚ್ಚಲ ಬಾಗಿಲು ತೆರೆದೇ ಇರಬೇಕು. "ಸತ್ತೋರ್ನ ಕರೆಯೋ ರಾಗ ಅದು. ನನ್ನ ಕರೀತು ಅಂದ್ರೆ ನಾನೂ ಓಗಿದ್ದೀನಾ? ಗೊತ್ತಾಗ್ದೆ ಓಡಾಡ್ತಿದ್ದೀನಾ? ಊಟ ಮಾಡ್ವಾಗ್ಲೂ ಇದೇ ಯೋಚ್ನೆ ಸಾ." ಪೊಲೀಸರ ಫೋನ್ ಬಂದರೆ ಹುಷಾರಿಲ್ಲ ಎನ್ನುತ್ತಾರೆ.

ಹಾಗಿರುವಾಗ ಸಂಗಮದಲ್ಲಿ ಸಿಂಧು ಎಂಬ ಕಾಲೇಜು ಹುಡುಗಿ ಮುಳುಗುತ್ತಾಳೆ. ಬೇರೆಯವರು ಹುಡುಕುತ್ತಾರೆ, ಸಿಗುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ವನಜಾಕ್ಷಿ ಬಾಗಿಲು ತೆಗೆದರೆ ಜಗಲಿಯ ಮೇಲೆ ಹುಡುಗಿಯ ತಾಯಿ ಕೂತಿದ್ದಾರೆ. ಕೊಟ್ಟ ಕಾಫಿ ಕುಡಿಯುವುದಿಲ್ಲ, ಎದ್ದು ಹೋಗುವುದೂ ಇಲ್ಲ. ಚೆಲುವರಾಜು ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದಾರೆ.

"ಏಳಿ," ಎನ್ನುತ್ತಾರೆ ವನಜಾಕ್ಷಿ. "ನಾನೂ ಬತ್ತೀನಿ. ನಿಮ್ಮನ್ನ ಯಾರ್ ಕರೆದಾರು, ನಾನೂ ನೋಡ್ತೀನಿ."

ಈಜು ಬಾರದ ಹೆಂಗಸು ಅಂದು ಮೊದಲ ಸಲ ಹುಡುಕಾಟಕ್ಕೆ ತೆಪ್ಪ ಹತ್ತುತ್ತಾರೆ. ಗಂಡನ ಸೊಂಟಕ್ಕೆ ತಾವೇ ಹಗ್ಗ ಕಟ್ಟುತ್ತಾರೆ. ಚೆಲುವರಾಜು ಸಿಂಧುವಿನ ಹೆಸರು ಕೂಗಿ ಮುಳುಗುತ್ತಾರೆ. ಎರಡು ನದಿಗಳು ಕೂಡುವ ಕಡೆ ತಳದಲ್ಲಿ ಬರೀ ಕತ್ತಲೆ. ಕೈಗೆ ಹುಡುಗಿಯ ಜಡೆ ಸಿಗುತ್ತದೆ. ಅದೇ ಗಳಿಗೆಯಲ್ಲಿ ಕೆಳಗಿನಿಂದ ಮತ್ತೆ ಆ ಕೂಗು.

"ನನ್ ಗಂಟ್ಲೇ ಸಾ. ಎಷ್ಟು ಪ್ರೀತಿಯಾಗಿ ಕರೀತದೆ ಅಂತೀರಿ! ಉಸುರು ಬೇಕು ಅಂತ್ಲೇ ಅನ್ನುಸ್ನಿಲ್ಲ. ಇನ್ನೊಂದ್ ಚೂರು ಕೆಳಕ್ಕೋಗಮ ಅನ್ನುಸ್ತು."

ಮೇಲೆ ತೆಪ್ಪದಲ್ಲಿ ಹಗ್ಗ ಬಿಗಿಯುತ್ತದೆ. ವನಜಾಕ್ಷಿ ಎಳೆದರೆ ಬರುವುದಿಲ್ಲ. ಆಗ ಆಕೆ ನೀರಿಗೆ ಮುಖ ತಾಗಿಸಿ ಕಿರುಚುತ್ತಾರೆ. ರಾಗವಾಗಿ ಅಲ್ಲ. ದಿನಾ ಜಗಲಿಯಲ್ಲಿ ನಿಂತು ಗಂಡನನ್ನು ಗದರುವ ದನಿಯಲ್ಲಿ: "ಏನ್ರೀ, ಮುದ್ದೆ ಆರೋಯ್ತದೆ! ಎಷ್ಟೊತ್ತು ಕಾಯ್ಲಿ? ಬತ್ತೀರೋ ಇಲ್ವೋ?"

"ಅದು ಬಲಗಿವೀಲಿ ಕೇಳ್ತು," ಎನ್ನುತ್ತಾರೆ ಚೆಲುವರಾಜು. "ತಕ್ಷಣ ಎದೆ ಉರೀತು. ಕಾಲು ಬಡಿಯಕ್ ಶುರು ಮಾಡ್ದೆ."

ಹುಡುಗಿಯನ್ನು ಹಿಡಿದೇ ಮೇಲೆ ಬರುತ್ತಾರೆ. ದಡದಲ್ಲಿ ತಾಯಿ ಮಗಳ ಕೂದಲಿನ ಮರಳು ಬಿಡಿಸುತ್ತಾ ಕೂರುತ್ತಾರೆ. ಆಮೇಲೆ ಎದ್ದುಬಂದು ವನಜಾಕ್ಷಿಯ ಒದ್ದೆ ಕೈಗಳನ್ನು ಹಿಡಿದುಕೊಳ್ಳುತ್ತಾರೆ. ಅಂದಿನಿಂದ ಗಂಡ ಹೆಂಡತಿ ಒಟ್ಟಿಗೇ ಹೊರಡುತ್ತಾರೆ.

ಟೀ ಮುಗಿದಿದೆ. ಕೆಳಗೆ ಪುಟ್ಟಸ್ವಾಮಿಯನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದಾರೆ. ಚೆಲುವರಾಜು ತೆಪ್ಪ ಕಟ್ಟಲು ಇಳಿದುಹೋಗುತ್ತಾರೆ. ಆ ಕೂಗು ಈಗ ನಿಂತಿದೆಯೇ ಎಂದು ನಾನು ವನಜಾಕ್ಷಿಯವರನ್ನು ಕೇಳುತ್ತೇನೆ. ಆಕೆ ಗಂಡನ ಬೆನ್ನನ್ನೇ ನೋಡುತ್ತಾ ದನಿ ತಗ್ಗಿಸುತ್ತಾರೆ.

"ಎಲ್ಲಿ ನಿಂತದೆ ಸಾ? ಇವತ್ತೂ ಕೂಗ್ತು. ಇವ್ರಿಗೆ ಈಗ ಕೇಳ್ಸಕ್ಕಿಲ್ಲ, ನಿಂತೋಗದೆ ಅಂತ್ಲೇ ಏಳಿವ್ನಿ. ಕೂಗ್ಲಿ ಬುಡಿ. ಅದ್ಕಿಂತ ನನ್ ಗಂಟ್ಲು ದೊಡ್ಡದು."