ಬಾಂಡೆವಾಲಿ ಕೇಳುತ್ತಿದ್ದ ಪ್ರಶ್ನೆ

ಕಳೆದ ಭಾನುವಾರ ಮಗಳು ನನ್ನನ್ನು ಮಲಾಡಿನ ಒಂದು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಗಾಜಿನ ಬಾಗಿಲು, ತಣ್ಣನೆಯ ಎ.ಸಿ., ಮೆಲ್ಲಗೆ ಹಾಡು. ಒಳಗೆ ಕಾಲಿಟ್ಟ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು.

"ಸೆಕೆಂಡ್‌ಹ್ಯಾಂಡ್ ಬಟ್ಟೆಯೇನೇ ಇದು?" ಅಂದೆ.

"ಶ್, ಮಮ್ಮಿ! ಥ್ರಿಫ್ಟ್ ಅಂತಾರೆ ಇದಕ್ಕೆ. ಎಷ್ಟು ಕೂಲ್ ಇದೆ ನೋಡು."

ನಾನು ಹಳೇ ಅಭ್ಯಾಸದಂತೆ ಒಂದು ಅಂಗಿ ಎತ್ತಿ ಕಂಕುಳಿನ ಭಾಗವನ್ನು ಮೂಸಿ ನೋಡಿದೆ. ಮಗಳು ನನ್ನ ಪರಿಚಯವೇ ಇಲ್ಲದವಳ ಹಾಗೆ ಸರಿದು ದೂರದ ಸಾಲಿಗೆ ಹೋಗಿ ನಿಂತಳು. ನನಗೆ ಪಾತ್ರೆ ಮಾರುವ ಬಾಂಡೆವಾಲಿಯ ನೆನಪಾಯಿತು.

ಎಂಬತ್ತರ ದಶಕದಲ್ಲಿ ನಾವು ಇದೇ ಮಲಾಡಿನ ಒಂದು ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿದ್ದೆವು. ಅಪ್ಪ, ಅಮ್ಮ, ನಾನು. ತಿಂಗಳಿಗೊಂದು ಮಧ್ಯಾಹ್ನ ಆಕೆ ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಿಗೆ ಬಟ್ಟೆಗಂಟು ಹೊತ್ತು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಹಳೇ ಬಟ್ಟೆ ಕೊಟ್ಟರೆ ಹೊಸ ಪಾತ್ರೆ. ಹೀಗೆ ಸೇರಿಸಿದ್ದನ್ನು ಒಗೆದು, ಇಸ್ತ್ರಿ ಮಾಡಿಸಿ, ಭಾನುವಾರ ಬೆಳಿಗ್ಗೆ ಸ್ಟೇಷನ್ ಹೊರಗಿನ ಫುಟ್‌ಪಾತಿನಲ್ಲಿ ಹರಡಿಕೊಂಡು ಮಾರುತ್ತಿದ್ದಳು. ಅವಳ ಹೆಸರು ಏನೆಂದು ನಾವು ಯಾರೂ ಕೇಳಲಿಲ್ಲ.

ಅಮ್ಮನಿಗೆ ಅವಳ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಕೊಟ್ಟ ಪಾತ್ರೆಯನ್ನು ಬೆರಳಿನಿಂದ ತಟ್ಟಿ, ಕಿವಿಗೆ ಹಿಡಿದು, "ಸ್ಟೀಲೋ ತಗಡೋ ಯಾರಿಗೆ ಗೊತ್ತು" ಅನ್ನುತ್ತಿದ್ದಳು. ಆ ಗುಣ ನನಗೂ ಬಂತು. ಬಾಂಡೆವಾಲಿ ಮಾತ್ರ ನಮ್ಮ ಯಾವ ಗುಮಾನಿಗೂ ಬೇಸರಿಸುತ್ತಿರಲಿಲ್ಲ. ಆದರೆ ಅವಳದೂ ಒಂದು ಪಟ್ಟು ಇತ್ತು. ಗಂಡಸರ ಬಟ್ಟೆ ಕೈಗೆ ಬಂದರೆ ಸಾಕು, ಬುಟ್ಟಿ ಇಳಿಸುವ ಮೊದಲೇ ಕೇಳುತ್ತಿದ್ದಳು: "ಪೆಹನ್‌ನೇವಾಲಾ ಹೈ ನಾ?"

ತೊಡುವವರು ಇದ್ದಾರೆ ತಾನೆ, ಅಂತ. ಇಲ್ಲ ಅಂದರೆ ಕೈ ಮುಗಿದು ಎದ್ದುಬಿಡುತ್ತಿದ್ದಳು. ತೀರಿಕೊಂಡವರ ಬಟ್ಟೆಯನ್ನು ಅವಳು ಮುಟ್ಟುತ್ತಿರಲಿಲ್ಲ. ತನ್ನ ಗಂಡನೂ ಮಗನೂ ಇದೇ ಗಂಟಿನಿಂದ ತೆಗೆದು ತೊಡುವವರು ಎನ್ನುತ್ತಿದ್ದಳು. "ಎಲ್ಲ ನಾಟಕ," ಅನ್ನುತ್ತಿದ್ದಳು ಅಮ್ಮ, "ಅವಳ ಫುಟ್‌ಪಾತಲ್ಲಿ ಅರ್ಧಕ್ಕರ್ಧ ಸತ್ತೋರ ಬಟ್ಟೇನೇ ಇರುತ್ತೆ ಕಣೇ. ಅಲ್ಲೇನಾದ್ರೂ ತಗೊಂಡೀಯ, ಹುಷಾರು!"

ನಾನು ತೆಗೆದುಕೊಳ್ಳುತ್ತಿದ್ದೆ. ಆಗಷ್ಟೇ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ. ದಿನಕ್ಕೊಂದು ಒಳ್ಳೆ ಸೀರೆ ಬೇಕು, ಸಂಬಳ ನೋಡಿದರೆ ಅಷ್ಟಕ್ಕಷ್ಟೆ. ಅವಳ ಹತ್ತಿರ ದೊಡ್ಡ ಮನೆಗಳ ಜಾರ್ಜೆಟ್ಟು, ವಾಯಿಲು ಸಿಗುತ್ತಿದ್ದವು, ಹೊಸ ಅಂಗಡಿಯಲ್ಲಿ ನಾನು ಮುಟ್ಟಲೂ ಹೆದರುತ್ತಿದ್ದಂಥವು. ಬೆಳಕಿಗೆ ಹಿಡಿದು ತೂತು ಹುಡುಕುತ್ತಿದ್ದೆ, ಅಂಚು ತಿರುವಿ ರಫೂ ಹಾಕಿದ್ದಾರಾ ನೋಡುತ್ತಿದ್ದೆ, ಮೂಸುತ್ತಿದ್ದೆ. ಎಷ್ಟು ನೋಡಿದರೂ ಒಂದಲ್ಲ ಒಂದು ಸಲ ಮೋಸ ಹೋಗುವುದೇ. ಒಂದು ಹಸಿರು ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟು ಅಮ್ಮನ ಬಿಳಿ ಲಂಗವನ್ನೂ ಹಾಳು ಮಾಡಿತು. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಲೋಕಲ್ ಟ್ರೈನಿನ ಲೇಡೀಸ್ ಡಬ್ಬದಲ್ಲಿ ಯಾರಾದರೂ ನನ್ನ ಸೆರಗನ್ನೇ ದಿಟ್ಟಿಸಿದರೆ, ಎಲ್ಲಿ "ಇದು ನಂದಲ್ವಾ?" ಅಂದುಬಿಡುತ್ತಾಳೋ ಅಂತ. ಅಂಧೇರಿ ದಾಟುವವರೆಗೆ ಸೆರಗನ್ನು ಸುತ್ತಿಕೊಂಡೇ ನಿಲ್ಲುತ್ತಿದ್ದೆ.

ಒಂದು ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಆಸ್ಪತ್ರೆಯಲ್ಲಿ ಚಳಿ ಚಳಿ ಅನ್ನುತ್ತಿದ್ದರೆಂದು ಅವರ ಉಣ್ಣೆಯ ಕೋಟನ್ನೇ ಹೊದಿಸಿದ್ದೆವು. ಮೈಸೂರಿನಲ್ಲಿ ಮದುವೆಗೆ ಹೊಲಿಸಿದ ಬೂದು ಕೋಟು ಅದು. ಮೂರನೆಯ ಗುಂಡಿ ಮಾತ್ರ ಕಪ್ಪು, ಅಮ್ಮ ಹಾಕಿದ್ದು. ಅಪ್ಪನ ಬೇರೆ ಬಟ್ಟೆಗಳನ್ನೆಲ್ಲ ದಾನ ಕೊಟ್ಟಾಗ ಅಮ್ಮ ಕೋಟನ್ನು ಮಾತ್ರ ಬಚ್ಚಿಟ್ಟುಕೊಂಡಳು. ಆಮೇಲೆ ಅದು ಮೊಳೆಗೆ ನೇತುಬಿದ್ದಿರುವುದನ್ನು ನೋಡಲೂ ಆಗದೆ, ತೆಗೆಯಲೂ ಆಗದೆ... ಊಟ ಬಿಟ್ಟಳು. ಆ ಕೋಟು ಮನೆಯಿಂದ ಹೋಗದೆ ಅಮ್ಮ ಉಳಿಯುವುದಿಲ್ಲ ಅನ್ನಿಸಿತು ನನಗೆ.

ಬಾಂಡೆವಾಲಿ ಬಂದ ದಿನ ನಾನು ರಜೆ ಹಾಕಿ ಮನೆಯಲ್ಲಿದ್ದೆ. ಅಮ್ಮನ ಬರಿ ಹಣೆ ಅವಳ ಕಣ್ಣಿಗೆ ಬೀಳಬಾರದೆಂದು ಒಳಕೋಣೆಯ ಬಾಗಿಲು ಮುಂದೆ ಮಾಡಿದೆ. ಕೋಟನ್ನು ಅವಳ ಕೈಗಿತ್ತೆ. ಅವಳು ಕಪ್ಪು ಗುಂಡಿಯನ್ನು ಸವರಿ ನನ್ನ ಮುಖ ನೋಡಿದಳು.

"ಪೆಹನ್‌ನೇವಾಲಾ ಹೈ ನಾ?"

"ಹೈ. ದಪ್ಪ ಹೋ ಗಯೇ, ಅಬ್ ಆತಾ ನಹೀಂ," ಅಂದೆ. ದಪ್ಪಗಾಗಿ ಈಗ ಕೋಟು ಹಿಡಿಸುವುದಿಲ್ಲ ಅಂತ. ನಿಜಕ್ಕೂ ಅಪ್ಪ ಕೊನೆಗೆ ಕಡ್ಡಿಯಾಗಿದ್ದರು.

ಅವಳು ಕೋಟನ್ನು ಗಂಟಿಗೆ ಸೇರಿಸಿ, ಮುಚ್ಚಳವಿರುವ ಒಂದು ದೊಡ್ಡ ಡಬ್ಬ ತೆಗೆದಿಟ್ಟಳು. ಜೀವಮಾನದಲ್ಲಿ ಮೊದಲ ಸಲ ನಾನು ತಟ್ಟಿ ನೋಡಲಿಲ್ಲ.

ಮುಂದಿನ ಭಾನುವಾರವೇ ಫುಟ್‌ಪಾತಿಗೆ ಹೋದೆ. ಕೋಟನ್ನು ಯಾರು ಕೊಳ್ಳುತ್ತಾರೆ, ಎಂಥವರು, ನೋಡಬೇಕಿತ್ತು. ಅಲ್ಲಿ ಕೋಟು ಇರಲಿಲ್ಲ. ಕೇಳಿದ್ದಕ್ಕೆ, "ಬೇಚಾ ನಹೀಂ. ಲಡಕೇ ಕೀ ಶಾದೀ ಕೇ ಲಿಯೇ ರಖಾ," ಅಂದಳು. ಮಗನ ಮದುವೆಗೆ ಎತ್ತಿಟ್ಟಿದ್ದಾಳಂತೆ! ಶುಭಕಾರ್ಯದಲ್ಲಿ ಆ ಹುಡುಗ ಮೈಮೇಲೆ ಹಾಕಿಕೊಳ್ಳುವುದು ಎಂಥ ಕೋಟು ಅಂತ ನನಗೊಬ್ಬಳಿಗೇ ಗೊತ್ತು. ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಅಪ್ಪ ಹೇಗಿದ್ದಾರೆಂದು ಕೇಳಿದಳು, "ಪಾಪಾ ಕೈಸೇ ಹೈಂ?"

"ಠೀಕ್ ಹೈಂ," ಅಂದುಬಿಟ್ಟೆ.

ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಭಯವೂ. ಇವಳು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾಳಾ ಅಂತ ಅವಳ ಕಣ್ಣನ್ನೇ ನೋಡುತ್ತಿದ್ದೆ. ಬರಬರುತ್ತಾ ಸುಳ್ಳು ಸಲೀಸಾಯಿತು. ಅಪ್ಪನಿಗೆ ಮಂಡಿನೋವು ಅಂದೆ, ಪವಾಯಿ ಕೆರೆಯ ಹತ್ತಿರ ವಾಕಿಂಗ್ ಹೋಗಿದ್ದರು ಅಂದೆ. ಅವಳು ಮಂಡಿಗೆ ಎಂಥದೋ ಎಣ್ಣೆ ಹೇಳಿದಳು. ನಿಜ ಹೇಳುತ್ತೇನೆ, ಸೀರೆ ಬೇಡದ ಭಾನುವಾರವೂ ನಾನು ಹೋಗತೊಡಗಿದೆ.

ಕೋಟು ಕಣ್ಮರೆಯಾದ ಮೇಲೆ ಅಮ್ಮ ಮೆಲ್ಲಗೆ ಚೇತರಿಸಿಕೊಂಡಿದ್ದಳು. ತೊಂಬತ್ತರ ಶುರುವಿನಲ್ಲಿ ನನ್ನ ಮದುವೆ ಗೊತ್ತಾಯಿತು. ಗಂಡನ ಮನೆ ಭಾಂಡುಪ್‌ನಲ್ಲಿ, ಅಮ್ಮನೂ ನಮ್ಮ ಜೊತೆಗೇ ಬರುವುದೆಂದಾಯಿತು. ಹೋಗುವ ಮೊದಲು ನಿಜ ಹೇಳಿಬಿಡೋಣವೆಂದು ಗಟ್ಟಿ ಮನಸ್ಸು ಮಾಡಿ ಫುಟ್‌ಪಾತಿಗೆ ಹೋದೆ. ಮಲಾಡು ಬಿಡುವ ಸುದ್ದಿ ಕೇಳಿದವಳೇ ಅವಳು ಗಂಟಿನ ತಳಕ್ಕೆ ಕೈ ಹಾಕಿ ಒಂದು ಪೊಟ್ಟಣ ಎಳೆದಳು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ನುಸಿಗುಳಿಗೆ ಹಾಕಿಟ್ಟಿದ್ದ ಬೂದು ಕೋಟು. ಕಪ್ಪು ಗುಂಡಿ ಹಾಗೇ ಇತ್ತು. ಒಂದು ಸಲವೂ ಯಾರೂ ತೊಟ್ಟ ಗುರುತಿರಲಿಲ್ಲ.

"ಲಡಕೇ ಕೋ ಛೋಟಾ ಪಡಾ," ಅಂದಳು. ಮಗನಿಗೆ ಚಿಕ್ಕದಾಯಿತಂತೆ. ಮತ್ತೆ ನನ್ನ ಮುಖ ನೋಡದೆ, "ಮಾ ಕೋ ದೇ ದೇನಾ."

ಅಪ್ಪನಿಗೆ ಕೊಡು ಅನ್ನಲಿಲ್ಲ, ಅಮ್ಮನಿಗೆ ಕೊಡು ಅಂದಳು. ಇಡೀ ಬಿಲ್ಡಿಂಗಿಗೆ ಗೊತ್ತಿದ್ದ ಸಾವು ಅದು. ಮನೆಮನೆಯ ಬಾಗಿಲು ತಟ್ಟುವವಳಿಗೆ ಗೊತ್ತಿರದೆ ಇರುತ್ತದೆಯೆ? ಸೀರೆಯ ಒಂದೊಂದು ಎಳೆಯನ್ನೂ ಅನುಮಾನಿಸಿದ ನನಗೆ ಅಷ್ಟು ವರ್ಷ ಅದೊಂದು ಹೊಳೆದಿರಲಿಲ್ಲ. ಮಾರಲಾಗದ ಆ ಕೋಟಿಗೆ ಅವಳು ಡಬ್ಬ ಯಾಕೆ ಕೊಟ್ಟಳು, ಕಣ್ಣೆದುರು ಸುಳ್ಳು ಹೇಳಿದವಳನ್ನು ಯಾಕೆ ಅಷ್ಟು ಕಾಲ ಹಾಗೆ ಕೇಳಿದಳು... ನಾನು ಕೇಳಲಿಲ್ಲ. ಕೋಟು ಎತ್ತಿಕೊಂಡು ಅಳುತ್ತಾ ಬಂದೆ. ಅಮ್ಮ ಅದನ್ನು ಕೊನೆಯವರೆಗೂ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು.

ಮೊನ್ನೆ ಅಂಗಡಿಯಲ್ಲಿ ಮಗಳು ಒಂದು ಗಂಡಸರ ಕೋಟು ಹಿಡಿದು ಬಂದಳು. "ಮಮ್ಮಿ, ಓವರ್‌ಸೈಜ್ ಫ್ಯಾಷನ್ ಇದೆ. ತಗೊಳ್ಲಾ?" ಕೌಂಟರಿನ ಹುಡುಗಿಯ ಹತ್ತಿರ ನಾನು, "ಪೆಹನ್‌ನೇವಾಲಾ ಹೈ ನಾ?" ಅಂದುಬಿಟ್ಟೆ. ಅವಳು ಅರ್ಥವಾಗದೆ, "ಸಾರಿ, ಆಂಟಿ?" ಅಂದಳು. ಮಗಳಿಗೆ ನಾಚಿಕೆಯಾಯಿತು.

ಹೊರಗೆ ಬಂದು ಸ್ಟೇಷನ್ನಿನ ಕಡೆ ನಡೆದೆ. ಅವಳು ಕೂರುತ್ತಿದ್ದ ಕಡೆ ಈಗ ಸ್ಕೈವಾಕಿನ ಮೆಟ್ಟಿಲು. ಸುತ್ತಲಿನ ಅಂಗಡಿಯವರಲ್ಲಿ ಹಳಬರು ಯಾರೂ ಉಳಿದಿಲ್ಲ. ಬದುಕಿದ್ದಾಳೋ ಇಲ್ಲವೋ, ಯಾರನ್ನು ವಿಚಾರಿಸುವುದು, ಯಾವ ಹೆಸರಿನಿಂದ? ಅವಳ ಡಬ್ಬ ಇವತ್ತಿಗೂ ನನ್ನ ಅಡುಗೆಮನೆಯಲ್ಲಿದೆ, ರಾಗಿಹಿಟ್ಟು ತುಂಬಿಡುತ್ತೇನೆ. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಈ ಮುಂಬಯಿಯ ಒಂದು ಫುಟ್‌ಪಾತಿನಲ್ಲಿ ಅವರು ಬದುಕಿದ್ದರು, ಅವರಿಗೆ ಮಂಡಿನೋವಿತ್ತು. ಅಪ್ಪ ಹೇಗಿದ್ದಾರೆ ಅಂತ ನನ್ನನ್ನು ಕೇಳುವವರು ಈಗ ಯಾರೂ ಇಲ್ಲ.